ಚಪ್ಪಾಳೆಯ ನಲ್ಲಿ

ನಲ್ಲಿಯ ಕೋಡ್ ಬರೆದವಳು ನಾನು.
ಪುಣೆ, ಧನಕವಡಿ, ಮೂರನೇ ಮಹಡಿ, ಕೆಳಗೆ ಝೆರಾಕ್ಸ್ ಅಂಗಡಿ.
ಎದುರು ಮೇಜಿನಲ್ಲಿ ಮುಖ ಬಿಡಿಸುವ ಪೋಂಕ್ಷೆ,
ನಡುವೆ ಆರಿಹೋದ ಎರಡು ವಡಾಪಾವ್.

ಆಟದ ಹೆಸರು 'ನಗರಸೇವಕ'.
ಆಡುವವನಿಗೆ ಒಂದು ಕತ್ತರಿ, ಒಂದು ಶಾಲು,
ಮುಗಿಯದಷ್ಟು ತೆಂಗಿನಕಾಯಿ.
ರಿಬ್ಬನ್ ಕತ್ತರಿಸಿದರೆ ಅಂಕ,
ಬ್ಯಾನರಿನಲ್ಲಿ ಮುಖ ಹಿಗ್ಗಿದಷ್ಟೂ ಅಂಕ.
ರಸ್ತೆಯ ಹೊಂಡ ಮುಚ್ಚುವುದಕ್ಕೆ
ಬಟನ್ನೇ ಇಟ್ಟಿರಲಿಲ್ಲ.
ಇಷ್ಟು, ಬೇಕೆಂದೇ ಮಾಡಿದ ವ್ಯಂಗ್ಯ.

ಬೇಕಿಲ್ಲದೆ ಆದದ್ದು ನಲ್ಲಿ.
ಉದ್ಘಾಟನೆ ಮುಗಿದ ಮೇಲೆ ನೀರು ಬರಬೇಕಿತ್ತು.
ರಾತ್ರಿ ಎರಡೂವರೆ, ಕಣ್ಣಲ್ಲಿ ಮರಳು,
ಒಂದು ಇರಬೇಕಾದಲ್ಲಿ ಸೊನ್ನೆ ಒತ್ತಿದ್ದೆ.
ತಿರುಗಿಸಿದರೆ ನಲ್ಲಿಯಿಂದ ಚಪ್ಪಾಳೆ ಬಂತು,
ಭಾಷಣಕ್ಕೆಂದು ತುಂಬಿಟ್ಟಿದ್ದ ಸದ್ದು.
ಬಿಂದಿಗೆ ಹಿಡಿದ ಏಳು ಹೆಂಗಸರು ಸಾಲು ಬಿಟ್ಟು ಕದಲಲಿಲ್ಲ;
ಮನೆಗೆ ಹೋಗುವುದನ್ನು ನಾನು ಅವರಿಗೆ ಕಲಿಸಿರಲಿಲ್ಲ.

ಮೊದಲು ಬರೆದವರು ಪ್ರಾಧ್ಯಾಪಕ ಟಿಳೇಕರ:
"ಪ್ರಜೆಯ ಬಾಯಾರಿಕೆಗೆ ಪ್ರಭುತ್ವ ಕೊಡುವ
ಏಕೈಕ ದ್ರವವೇ ಚಪ್ಪಾಳೆ."
ಎರಡು ಸಲ ಓದಿದೆ. 'ದ್ರವ'ದ ಹತ್ತಿರ ನಾಚಿಕೆಯಾಯಿತು.
ಸೊನ್ನೆಯ ವಿಷಯ ಯಾರಿಗೂ ಹೇಳಲಿಲ್ಲ.

ಎರಡನೆಯವರಿಗೆ ಸಿಟ್ಟು:
"ಕೀಲುಗೊಂಬೆಗಳೇ ಬಡ ಹೆಂಗಸರು? ಪೇಠೆಯವರ ನಗು ಇದು."
ಸೋಲಾಪುರದ ಬೀಡಿ ಕಾಲೊನಿಯಲ್ಲಿ
ಹತ್ತು ಬೇಸಿಗೆ ನಾನೇ ನಿಂತ ಸಾಲು ಅದು, ಮಹಾರಾಯರೇ.
ಆದರೂ ಚುಚ್ಚಿತು. ಅರ್ಧ ನಿಜ ಇಡೀ ಸುಳ್ಳಿಗಿಂತ ಚೂಪು.

ಮೂರನೆಯವನು ಮೀಸೆ ಮೂಡದ ಹುಡುಗ, ವಿಡಿಯೋದಲ್ಲಿ ಕೂಗಿದ:
"ಆಟದೊಳಗೆ ರಾಜಕೀಯ ಯಾಕೆ? ಬಂದೂಕು ಎಲ್ಲಿ?"
ಬಂದೂಕಿಗೆ ರಾಜಕೀಯ ಗೊತ್ತಿಲ್ಲವೆಂದು
ಅವನಿಗೆ ಯಾರು ಹೇಳಿದರೋ.

ಒಂದು ಮಧ್ಯಾಹ್ನ, ಪುಣೆಯ ಅಂಗಡಿಗಳು
ಬಾಗಿಲೆಳೆದು ಗೊರಕೆ ಹೊಡೆಯುವ ಹೊತ್ತಿಗೆ,
ಕೆಳಗೆ ಬಿಳಿ ಕಾರು ನಿಂತಿತು.
ನಿಜವಾದ ನಗರಸೇವಕ, ಬಾಪೂಸಾಹೇಬ ಖಳದಕರ.
ನಾವು ಗಡಬಡಿಸಿ ಪರದೆ ಆರಿಸಿದೆವು.
ಅವರ ಕೈಯಲ್ಲಿ ಪೇಢೆಯ ಡಬ್ಬಿ.
"ಮಗಳು ತೋರಿಸಿದಳು. ನಾನೀಗ ಆರನೇ ಹಂತ.
ಭಾರಿ ಮಜಾ ಇದೆ. ಮುಖ ಮಾತ್ರ ನನ್ನದಲ್ಲ,
ಅದೊಂದೇ ಬೇಜಾರು."
ಪೋಂಕ್ಷೆ ನಗಲು ಬಾಯಿ ತೆರೆದವನು
ಮುಚ್ಚಿಕೊಂಡು ಅವರ ಫೋಟೋ ತೆಗೆದ.
ನಲ್ಲಿ? ಎಂದೆ ನಾನು, ಮೆಲ್ಲಗೆ.
"ಯಾಕೆ, ಕೆಟ್ಟಿದೆಯೇ? ಸರಿಯಾಗೇ ಬರ್ತಿದೆಯಲ್ಲ."

ಆ ರಾತ್ರಿ ಸೊನ್ನೆಯನ್ನು ಅಳಿಸಿ ಒಂದು ಬರೆದೆ.
ನೀರು ಬಂತು.
ವಾರದೊಳಗೆ ಟಿಳೇಕರರ ಎರಡನೇ ಲೇಖನವೂ ಬಂತು:
"ಹಲ್ಲು ಕಿತ್ತ ಹಾವು. ಯಾರು ಕೊಂಡರು ಇವರನ್ನು?"
ಯಾರೂ ಕೊಳ್ಳಲಿಲ್ಲ ಸರ್.
ಪೇಢೆ ತಿಂದದ್ದು ಮಾತ್ರ ನಿಜ, ನಾನು ಮೂರು.

ದೀಪಾವಳಿಗೆ ಬಂದ ಅವ್ವ
ಕನ್ನಡಕ ಏರಿಸಿ ಪರದೆಗೆ ಬಗ್ಗಿದಳು.
ತುಂಬಿ ಚೆಲ್ಲುವ ಬಿಂದಿಗೆ ಹೊತ್ತು
ಏಳು ಮಂದಿ ಇನ್ನೂ ಅಲ್ಲೇ.
"ಮನಿಗಿ ಕಳಸ ಅವರನ್ನ, ಹುಚ್ಚಿ,
ಒಲಿ ಮ್ಯಾಲ ಏನಿಟ್ಟು ಬಂದಾರೋ ಏನೋ."

ಈಗ ದಾರಿ ಬರೆಯುತ್ತಿದ್ದೇನೆ.
ಅಂಕವಿಲ್ಲ ಅದಕ್ಕೆ, ವಿಮರ್ಶೆಯೂ ಬರಲಾರದು.
ಆರು ಮಂದಿಗೆ ಬಾಗಿಲು ಸಿಕ್ಕಿತು,
ಒಬ್ಬಳು ಒಳಗೆ ಹೋಗಿ ದೀಪವನ್ನೂ ಹಚ್ಚಿದಳು.
ಏಳನೆಯವಳು ಹೊಸ್ತಿಲು ಹುಡುಕುತ್ತಾ
ಗೋಡೆಗೆ ತಲೆ ತಾಗಿಸಿ ತಾಗಿಸಿ ನಡೆಯುತ್ತಾಳೆ:
ಅವಳ ಮನೆ ಇರಬೇಕಾದಲ್ಲಿ, ನಕಾಶೆಯ ತುಂಬ,
ಬಾಪೂಸಾಹೇಬರ ಬ್ಯಾನರ್.