ಮಾಹಿತಿದಾರ ೧೭

ಬಿ.ಇ.ಓ. ಕಚೇರಿಯಲ್ಲಿ ಹತ್ತೊಂಬತ್ತು ವರ್ಷ
ಕಡತದ ಅಂಚಿನಲ್ಲಿ ಬದುಕಿದವನು ನಾನು.
'ಪರಿಶೀಲಿಸಿ ಮಂಡಿಸಿದೆ', 'ಮುಂದಿನ ಸೂಕ್ತ ಆದೇಶಕ್ಕಾಗಿ':
ಇಷ್ಟೇ ಮಾತಿನಲ್ಲಿ ಎಷ್ಟು ಮೇಷ್ಟ್ರುಗಳ ವರ್ಗಾವಣೆ,
ಎಷ್ಟು ಬಾಣಂತಿ ರಜೆ, ಬಿಸಿಯೂಟದ ಅಕ್ಕಿ ಮೂಟೆ
ನನ್ನ ಮೇಜು ದಾಟಿ ಹೋದವೋ.

ನಲವತ್ತಾರಕ್ಕೆ ಮತ್ತೆ ವಿದ್ಯಾರ್ಥಿ.
ಭಾನುವಾರ ಬೆಳಿಗ್ಗೆ ಬಿ.ಆರ್. ಪ್ರಾಜೆಕ್ಟ್ ಬಸ್ಸು,
ಶಂಕರಘಟ್ಟದಲ್ಲಿ ಇಳಿದರೆ ಶಿಕ್ಷಣದಲ್ಲಿ ಎಂ.ಎ.
ಮಗಳ ವಯಸ್ಸಿನವರು ಮೊದಲ ವಾರ
'ಅಂಕಲ್, ಈ ಬೆಂಚು ನಮ್ದು' ಅಂದರು,
ಎರಡನೇ ವಾರ ನೋಟ್ಸು ಕೇಳಿದರು.

ಆಡಳಿತದ ಪತ್ರಿಕೆ ನೀರು ಕುಡಿದಷ್ಟು ಸಲೀಸು.
ತಾತ್ವಿಕ ತಳಹದಿ, ಉರು ಹೊಡೆದೆ.
ಆಪ್ತಸಮಾಲೋಚನೆಯಲ್ಲಿ ಮಾತ್ರ ಬಿದ್ದೆ.
ಜೊತೆಗಾರ ತನ್ನ ಸಂಕಟ ಹೇಳಿ ಮುಗಿಸುವ ಮೊದಲೇ
ಯಾವ ಅರ್ಜಿ ಯಾರಿಗೆ, ಎಷ್ಟು ಪ್ರತಿ
ಹೇಳಿಬಿಟ್ಟಿದ್ದೆ.
ಮೇಡಂ ಬರೆದರು: 'ಇನ್ನೂ ಕೇಳಿಸಿಕೊಳ್ಳಬೇಕು.'
ಕೆಂಪು ಶಾಯಿ. ನಾನು ಷರಾ ಬರೆಯುವ ಶಾಯಿಯೇ.

ಪ್ರಬಂಧದ ವಿಷಯ, ವಯಸ್ಕರ ಕಲಿಕೆಯ ಪ್ರೇರಣೆ.
ಭದ್ರಾವತಿ, ಪೇಪರ್ ಟೌನು.
ಗಿರಣಿ ನಿಂತ ಮೇಲೆ ಖಾಲಿ ಬಿದ್ದ ಕ್ವಾರ್ಟರ್ಸಿನ ಸಾಲು,
ಅದರಲ್ಲೊಂದು ಹಾಲು, ಒಂದೇ ಟ್ಯೂಬ್‌ಲೈಟು,
ರಾತ್ರಿ ಏಳೂವರೆಗೆ ಇಪ್ಪತ್ತೆರಡು ಜನ
ಅಳತೆಗೆ ಸಾಲದ ಬೆಂಚಿನಲ್ಲಿ ಮೊಣಕಾಲು ಮಡಚಿ
'ಕ'ಕ್ಕೆ ಕೊಂಬು ಕೊಡುತ್ತಿದ್ದರು.

ಹದಿನೇಳನೆಯವನು ಇನಾಸಪ್ಪ, ಅರವತ್ತೊಂದು.
ತಿರುಳು ಬೇಯಿಸುವ ವಿಭಾಗ.
ಮೂವತ್ತು ವರ್ಷ ಕಾಗದ ಮಾಡಿದವನಿಗೆ
ಅದರ ಮೇಲೊಂದು ಸಾಲು ಬರೆಯಲು ಬಾರದು!
ಬಸ್ಸಿನಲ್ಲೇ ಹೊಳೆದ ವಾಕ್ಯ,
ಮೊದಲ ಅಧ್ಯಾಯದ ಮೊದಲ ಪುಟಕ್ಕೆ ಹೇಳಿ ಮಾಡಿಸಿದ್ದು.

ಕ್ಲಾಸು ಬಿಟ್ಟ ಮೇಲೆ ಟೀ ಗೂಡಂಗಡಿ.
ಮೆಣಸಿನಕಾಯಿ ಬಜ್ಜಿ ಸುತ್ತಿದ ಹಳೇ ಪತ್ರಿಕೆಯ ಚೂರು,
ಎಣ್ಣೆಯಲ್ಲಿ ಅಕ್ಷರ ಎದ್ದು ಕಾಣುತ್ತಿತ್ತು.
ಇನಾಸಪ್ಪನ ಕಣ್ಣು ಎಡದಿಂದ ಬಲಕ್ಕೆ,
ಸರ್ರನೆ ಮತ್ತೆ ಎಡಕ್ಕೆ, ಕೆಳಸಾಲಿಗೆ.
ನಾನು ಕಂಡೆ. ಕಂಡೆನೆಂದು ಆತನೂ ಕಂಡ.

'ಹೌದು ಸಾರ್, ಏಳನೇ ಕ್ಲಾಸು ಪಾಸು.
ಖಾಜಾ ಹುಸೇನ್ ಇದಾನಲ್ಲ, ನನ್ನ ಶಿಫ್ಟಿನವನು,
ಕಲೀಬೇಕು ಅಂತಾನೆ, ಒಬ್ಬನೇ ಬರೋಕೆ ನಾಚಿಕೆ ಅಂತಾನೆ.
ನಂಗೂ ಬರಲ್ಲ ಕಣೋ, ನಡಿ, ಅಂದೆ.
ಅವನು ಒಂದು ತಪ್ಪು ಮಾಡಿದ್ರೆ ನಾನು ಎರಡು ಮಾಡ್ತೀನಿ.
ಒತ್ತಕ್ಷರ ತಪ್ಪು ಬರೆಯೋದು ಬಹಳ ಕಷ್ಟ ಸಾರ್,
ಕೈ ತಾನಾಗೇ ಸರಿ ಬರೆದುಬಿಡುತ್ತೆ.'

ನನ್ನ ಚೀಲದಲ್ಲಿ ಪ್ರೇರಣೆಯ ಮಾಪನಿ.
ಮೂವತ್ತೆರಡು ಹೇಳಿಕೆ, ಒಂದೊಂದಕ್ಕೆ ಐದು ಚೌಕ.
ಹೇಳಲು ಬಾಯಿ ತೆರೆದೆ.
ಮುಚ್ಚಿದೆ.
ಬಜ್ಜಿ ಆರಿತು. ಗೂಡಂಗಡಿಯವಳು ಸ್ಟವ್ ಕೆಡಿಸಿದಳು.
ಇನಾಸಪ್ಪ ಇನ್ನೂ ಹೇಳುತ್ತಲೇ ಇದ್ದ,
ಬಾಯ್ಲರಿನ ಸೀಟಿ, ರಾತ್ರಿ ಪಾಳಿ, ಸತ್ತ ತಮ್ಮ ಲೂರ್ದಪ್ಪ,
ಇಬ್ಬರೂ ಹಂಚಿಕೊಂಡು ಉಣ್ಣುತ್ತಿದ್ದ ಒಂದು ಡಬ್ಬಿ.

ಕೈಬಿಡಬೇಕಿತ್ತು ಅವನನ್ನು ಪಟ್ಟಿಯಿಂದ.
ನಿಯಮ ಗೊತ್ತು, ನಿಯಮವೇ ನನ್ನ ಅನ್ನ.
ಕೈಬಿಟ್ಟರೆ ಕಾರಣ ಬರೆಯಬೇಕು,
ಬರೆದದ್ದರ ಪ್ರತಿಯೊಂದು ಕೇಂದ್ರದ ಕಪಾಟಿಗೆ ಹೋಗುತ್ತದೆ,
ಮತ್ತು ಖಾಜಾ ಹುಸೇನ್
ಈಗ ಓದಬಲ್ಲ.

ಮೌಖಿಕ ಪರೀಕ್ಷೆಗೆ ಧಾರವಾಡದಿಂದ ಬಂದವರು
ನಾಲ್ಕನೇ ಕೋಷ್ಟಕದ ಮೇಲೆ ಬೆರಳಿಟ್ಟರು.
'ಈ ಹದಿನೇಳು ನಂಬರಿನಾಂವ,
ಆರು ತಿಂಗಳಾತು, ಒಂದು ಅಂಕಾನೂ ಏರಿಲ್ಲ. ಯಾಕ್ರಿ?'
ಫ್ಯಾನು ಕಟಕಟ ತಿರುಗುತ್ತಿತ್ತು.
ಮೇಡಂ ಪೆನ್ನಿನ ಟೋಪಿ ತೆಗೆದು ನನ್ನನ್ನೇ ನೋಡಿದರು.

'ಹಾಜರಾತಿ ನೂರಕ್ಕೆ ನೂರು, ಸರ್' ಎಂದೆ.