ನಾಲ್ಕು ದ್ವೀಪ, ತಲೆಗೆ ನೂರೈವತ್ತು

ಅಂಡಮಾನಿನ ದುಡ್ಡು ಚೀಟಿಯಲ್ಲೇ ಮುಳುಗಿತು.
ಚೀಟಿ ನಡೆಸುತ್ತಿದ್ದ ಪದ್ಮಾವತಮ್ಮ ಒಂದು ಬೆಳಿಗ್ಗೆ
ಬೀಗ ಜಡಿದು ಎತ್ತಲೋ ಹೋದಳು,
ಬಾಗಿಲ ರಂಗೋಲಿ ಇನ್ನೂ ಹಸಿ.
ನಮಗೆ ಉಳಿದದ್ದು ನಾಲ್ಕು ಹುಲ್ಲಿನ ಟೋಪಿ,
ಕೋಲಾರದ ಗಡಿಯಾರ ಗೋಪುರದ ಹತ್ತಿರ ಮೊದಲೇ ಕೊಂಡಿದ್ದವು,
ತಲಾ ಎಂಬತ್ತು.

ಟೋಪಿ ಸುಮ್ಮನೆ ಹುಳ ಹಿಡಿಯುತ್ತಲ್ಲೇ ಎಂದಳು ಸೊಣ್ಣಮ್ಮ.
ಮಂಡಿಗೆ ರಜೆ ಹಾಕಿ ದೊಡ್ಡಕೆರೆಗೆ ಹೊರಟೆವು:
ಸೊಣ್ಣಮ್ಮ, ತಾಜುನ್ನೀಸಾ, ತೂಕದ ಚೀಟಿ ಬರೆಯುವ ನಾನು,
ಟೊಮೆಟೊ ಆರಿಸುವ ಪಾಪಕ್ಕ
(ಉಗುರ ಸಂದಿಯಲ್ಲಿ ಇವತ್ತೂ ಬೀಜ).

ಹದಿನೆಂಟು ವರ್ಷ ಈ ಕೆರೆಯಲ್ಲಿ
ನೀರೊಂದು ಬಿಟ್ಟು ಎಲ್ಲಾ ಇತ್ತು.
ಈಗ ಬೆಂಗಳೂರು ಮಿಂದು, ಉಟ್ಟದ್ದು ಒಗೆದು,
ಸೋಸಿ ಕೊಳವೆಯಲ್ಲಿ ಕಳಿಸಿದ್ದು
ಏರಿಯ ಕಲ್ಲಿಗೆ ಬಂದು ತಾಗಿದೆ.
ಏನಾದರಾಗಲಿ, ನೀರೆಂದರೆ ನೀರು.
ಅಲೆ ಇದೆ, ಹೊಳಪಿದೆ, ಅಂಚಿಗೆ ಒಂದಿಷ್ಟು ನೊರೆ.

ದೋಣಿಯಲ್ಲಿ ಕೂರಲು ಮಗುಚಿದ ಕ್ರೇಟುಗಳು.
ನಮ್ಮ ಮಂಡಿಯವೇ ಎಂದು ಪಾಪಕ್ಕ
ಮುರಿದ ಕಿವಿ ನೋಡಿ ಗುರುತು ಹಿಡಿದಳು.
ಗೈಡು ಯಂಕೋಬ ಕೇಳಿಸದವನಂತೆ
ಲೈಫ್ ಜಾಕೆಟ್ಟಿನ ಗಂಟು ಬಿಗಿದ.
"ನೀರಿಗೆ ಕೈ ಅದ್ದಬೇಡಿ ಅಕ್ಕಾ. ನೋಡೋದು ಮಾತ್ರ."

ಒಂದನೇ ದ್ವೀಪ, ಹುಣಸೆಯ ನೆತ್ತಿ.
ಮರ ಸತ್ತು ಮೂರು ವರ್ಷ,
ಹಿಕ್ಕೆಯ ಸುಣ್ಣ ಬಳಿದುಕೊಂಡು ನಿಂತಿದೆ;
ನೀರುಕಾಗೆಗಳು ರೆಕ್ಕೆ ಹರವಿ
ಒದ್ದೆ ಕೊಡೆಗಳ ಹಾಗೆ ಒಣಗುತ್ತಿವೆ.

ಎರಡನೆಯದು ಪೆವಿಲಿಯನ್.
ಹುಡುಗರು ಕೂತು ಮ್ಯಾಚು ನೋಡುತ್ತಿದ್ದ ದಿಬ್ಬ.
"ಇಲ್ಲಿಂದ ಸಿಕ್ಸ್ ಎತ್ತಿದರೆ ಚೆಂಡು ಜಾಲಿಯೊಳಗೆ.
ಈಗ ಜಾಲಿಯೂ ಔಟು."
ಇಳಿಯಲು ಹತ್ತು ನಿಮಿಷ.
ತಾಜುನ್ನೀಸಾ ಕುಷ್ಕದ ಡಬ್ಬಿ ಬಿಚ್ಚಿದಳು,
ಸೊಣ್ಣಮ್ಮ ದಡ ಕಾಣದ ಹಾಗೆ ನಮ್ಮನ್ನು ನಿಲ್ಲಿಸಿ
ಒಂದು ಫೋಟೋ ತೆಗೆದು ನಾದಿನಿಗೆ ಕಳಿಸಿದಳು:
ತಲುಪಿದೆವು.

ಮೂರನೆಯದು ಬಂಡೆ.
ಆಮೆ ಇರುತ್ತವೆ ಎಂದ. ಇರಲಿಲ್ಲ.
"ಊಟಕ್ಕೆ ಹೋಗಿವೆ."

ಆಮೇಲೆ ಎಂಜಿನ್ನು ನಿಲ್ಲಿಸಿ ಹುಟ್ಟು ಹಾಕತೊಡಗಿದ.
ಎದುರಿಗೆ ಇಟ್ಟಿಗೆಗೂಡಿನ ಚಿಮಣಿ,
ಸೊಂಟದವರೆಗೆ ನೀರಲ್ಲಿ,
ಸೀರೆ ಎತ್ತಿ ಕಟ್ಟಿ ನಿಂತ ಹೆಂಗಸಿನ ಹಾಗೆ.
"ನಾಲ್ಕನೇ ದ್ವೀಪ. ಇಲ್ಲಿ ಇಳಿಸಲ್ಲ."
ಇಷ್ಟು ಹೊತ್ತು ಕೋಲಾರದಲ್ಲಿದ್ದ ಅವನ ಮಾತು
ಇದ್ದಕ್ಕಿದ್ದಂತೆ ರಾಯಚೂರಿಗೆ ಹೋಯಿತು:
"ನಮ್ಮವ್ವ ಇಲ್ಲೇ ಇಟ್ಟಿಗಿ ಹೊರ್ತಿದ್ಲರಿ.
ನಾ ಹುಟ್ಟಿದ್ದೂ ಇಲ್ಲೇ.
ನಿಮ್ಮ ಕಾಲ ಬುಡಕ್ಕ, ಎರಡಾಳು ಕೆಳಗ, ನಮ್ಮ ಒಲಿ."

ಯಾರೂ ಬಗ್ಗಿ ನೋಡಲಿಲ್ಲ.
ನೋಡಿದರೂ ಕಾಣುವುದು ನಮ್ಮದೇ ಟೋಪಿ.

ನಾನು ಬಾಯಿ ತಪ್ಪಿ ಕೇಳಿಬಿಟ್ಟೆ,
ಇಟ್ಟಿಗೆಯ ಮೇಲೆ ಎಸ್ಸೆಮ್ ಅಂತ ಅಚ್ಚಿತ್ತಾ?
ಅವನ ಹುಟ್ಟು ಗಾಳಿಯಲ್ಲೇ ನಿಂತಿತು.
"ಯಾವ ವರ್ಷದವು ಅಕ್ಕಾ, ನಿಮ್ಮವು?"
ಎರಡು ಸಾವಿರದ ಏಳು ಎಂದೆ. ಆರು ಲೋಡು.
ಅವನು ಬೆರಳು ಮಡಿಸಿ ಎಣಿಸಿದ,
ಮತ್ತೆ ಮೊದಲಿಂದ ಎಣಿಸಿದ.
"ಹಂಗಾದ್ರ ಅವ್ವ ಹೊತ್ತವೇ."

ದಡ ಸೇರುವವರೆಗೆ ಆಮೆಯ ಬಗ್ಗೆ ತಮಾಷೆ ಮಾಡಿದ,
ಆರು ನೂರೂ ಎಣಿಸಿಕೊಂಡ,
ಹತ್ತು ರೂಪಾಯಿಯ ಒಂದು ಹರಿದ ನೋಟನ್ನು
ಬದಲಿಸಿ ಕೊಡಿ ಎಂದು ವಾಪಸು ಕೊಟ್ಟ.

ನಮ್ಮ ನಡುಮನೆಯ ಪಡುವಲ ಗೋಡೆ
ಎಷ್ಟು ಸಲ ಬಣ್ಣ ಹೊಡೆದರೂ ಸವುಳು ಬಿಟ್ಟು ಉದುರುತ್ತದೆ.
ಮೇಸ್ತ್ರಿಯನ್ನು ಬೈದಿದ್ದೇನೆ, ಸಿಮೆಂಟಿನವನನ್ನು ಬೈದಿದ್ದೇನೆ.
ಆ ರಾತ್ರಿ ಟೋಪಿಯನ್ನು ಅದೇ ಗೋಡೆಯ ಮೊಳೆಗೆ ಸಿಕ್ಕಿಸಿ
ಅಂಗೈ ಊರಿ ನಿಂತೆ.
ತಂಪಿತ್ತು.
ಪಕ್ಕದ ಮನೆಯವರು ಅಂಡಮಾನ್ ಹೇಗಿತ್ತು ಎಂದು
ಕಾಂಪೌಂಡಿನಾಚೆಯಿಂದ ಕೂಗುತ್ತಿದ್ದರು.