ಲೋಟದ ಫೋಟೋ

ಗ್ರಿಮ್ಸ್‌ಬಿಯ ಗ್ರಂಥಾಲಯದ ಮಹಡಿ ಮೇಲೆ
ಬುಧವಾರ ಸಂಜೆ ಆರಕ್ಕೆ
ಒಬ್ಬೊಬ್ಬರು ಒಂದೊಂದು ಫೋಟೋ ತರಬೇಕು.
ಮದುವೆಯದು ಬೇಡ, ಹುಟ್ಟುಹಬ್ಬದ್ದು ಬೇಡ,
ಸಾಲಾಗಿ ನಕ್ಕು ನಿಂತದ್ದಂತೂ ಬೇಡವೇ ಬೇಡ;
ಯಾರೂ ಕಟ್ಟು ಹಾಕಿಸದಂಥದ್ದು ಬೇಕು.
ಇದು ಮ್ಯೂರಿಯಲ್ ಅಜ್ಜಿಯ ಕಟ್ಟಳೆ.
ನಲವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ
ಮುಳ್ಳು ಹುಡುಕಿದ ಕಣ್ಣು ಅವಳದು.

ಹೊರಗೆ ಹಡಗುಕಟ್ಟೆಯ ಗಾಳಿ,
ಒಳಗೆ ಬಿಸಿಯಾಗಲು ಒದ್ದಾಡುವ ಹೀಟರು,
ಡಬ್ಬಿಯಲ್ಲಿ ಮೆತ್ತಗಾದ ಬಿಸ್ಕತ್ತು.
ಮೊದಲು ಫೋಟೋ ಕೈಯಿಂದ ಕೈಗೆ,
ಮಾತಿಲ್ಲ.
ಆಮೇಲೆ ಕಥೆ.

ಕೀತ್ ತಂದದ್ದು ಬಾಗಿಲು ತೆರೆದ ಫ್ರಿಜ್ಜು:
ಅರ್ಧ ಎಲೆಕೋಸು, ಮೂರು ಮೊಟ್ಟೆ, ಒಂದು ಸಾಸಿವೆ ಸೀಸೆ.
ಬಡತನವೋ ಪಥ್ಯವೋ ಅಂದುಕೊಂಡೆವು.
ಹೆಂಡತಿ ಬಿಟ್ಟುಹೋದ ಮೇಲೆ
ತಾನೊಬ್ಬನೇ ಮಾಡಿದ ಮೊದಲ ಸಂತೆಯಂತೆ.
ಉಪ್ಪು ಮರೆತಿದ್ದನಂತೆ.
ಫೋಟೋ ಮತ್ತೊಂದು ಸುತ್ತು ಹೊಡೆಯಿತು;
ಈ ಸಲ ಅದನ್ನು
ಮೊಟ್ಟೆ ಒಡೆದಾವೆಂಬಂತೆ ಹಿಡಿದೆವು.

ಪೋಲೆಂಡಿನ ದಾನುತಾ ತಂದದ್ದು ಬಸ್ ಸ್ಟಾಪು.
ಬಸ್ಸಿಲ್ಲ, ಜನವಿಲ್ಲ, ಬೆಂಚಿನ ಮೇಲೊಂದು ಒಂಟಿ ಕೈಗವಸು.
ಅವಳದಲ್ಲ. ಯಾರದೆಂದೂ ಗೊತ್ತಿಲ್ಲ.
ಒಂಬತ್ತು ದಿನ ಅಲ್ಲೇ ಇತ್ತು,
ಹತ್ತನೆಯ ದಿನ ಇಲ್ಲವಾದಾಗ
ಕೆಲಸಕ್ಕೆ ಹೋಗಲು ಮನಸ್ಸೇ ಬರಲಿಲ್ಲ ಅಂದಳು.
ಅಷ್ಟೇ ಕಥೆ.
ಕೀತ್ ಬಿಸ್ಕತ್ತಿನ ಡಬ್ಬಿ ಅವಳ ಕಡೆ ಸರಿಸಿದ.

ನನ್ನ ಸರದಿ.
ನನ್ನದು ಕಿಟಕಿಯ ಹಲಗೆ, ಸ್ಟೀಲಿನ ಲೋಟ,
ಲೋಟದಲ್ಲಿ ಹಲ್ಲುಜ್ಜುವ ಬ್ರಶ್ಶು.
ಇಷ್ಟಕ್ಕೆ ಕಥೆ ಎಲ್ಲಿಂದ ತರಲಿ?
ನಾಲಗೆ ತಾನಾಗಿಯೇ ಎದ್ದು ನಿಂತಿತು:
ಇದು ನಮ್ಮಜ್ಜಿಯ ಲೋಟ ಎಂದೆ,
ಬ್ಯಾಡಗಿಯಿಂದ ಸೀರೆಯಲ್ಲಿ ಸುತ್ತಿ ತಂದೆ ಎಂದೆ,
ಮಜ್ಜಿಗೆಯನ್ನು ಇದರಲ್ಲೇ ಕುಡಿಯುತ್ತಿದ್ದಳು ಎಂದೆ.
ಸುಳ್ಳಿಗೆ ಒಗ್ಗರಣೆ ಹಾಕುತ್ತ ಹಾಕುತ್ತ
ನನ್ನ ಮೂಗಿಗೇ ಇಂಗಿನ ಘಮ ಬಂತು.
ದಾನುತಾ ಕಣ್ಣೊರೆಸಿಕೊಂಡಳು.

ಮ್ಯೂರಿಯಲ್ ಮಾತ್ರ ಕನ್ನಡಕ ತೆಗೆದು
ಫೋಟೋವನ್ನು ಮೂಗಿನ ತನಕ ತಂದು
ಬೆರಳಿಟ್ಟಳು:
"ಮಗಳೇ, ನಿನ್ನ ಅಜ್ಜಿ
ಒಂದು ಪೌಂಡು ಎಪ್ಪತ್ತೈದಕ್ಕೆ ಸಿಕ್ಕಳೇ?"

ಲೋಟದ ಬುಡದ ಹತ್ತಿರ
ಅರ್ಧ ಕಿತ್ತ ಬೆಲೆಚೀಟಿ.
ನೂರು ಸಲ ನೋಡಿದ ಫೋಟೋ, ನನಗೆ ಕಂಡಿರಲಿಲ್ಲ.

ಎಲ್ಲರೂ ನಕ್ಕರು. ಹೀಟರೂ ನಕ್ಕಿತೇನೋ.
ನನ್ನ ಕಿವಿ ಮಾತ್ರ ಕೆಂಡ.
ಸರಿ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದೆ.

ಫ್ರೀಮನ್ ಬೀದಿಯ ಅಂಗಡಿಯದು.
ಊರಿಗೆ ಬಂದ ಎರಡನೆಯ ದಿನ ಕೊಂಡದ್ದು,
ಗಾಜಿನಲ್ಲಿಟ್ಟರೆ ಬ್ರಶ್ಶು
ಆಸ್ಪತ್ರೆಯಲ್ಲಿದ್ದ ಹಾಗೆ ಕಾಣುತ್ತದೆಂದು.
ರಾತ್ರಿಯೆಲ್ಲ ವೃದ್ಧಾಶ್ರಮದಲ್ಲಿ
ಯಾರ್ಯಾರದೋ ಮಗ್ಗುಲು ಬದಲಿಸಿ ಬರುತ್ತೇನಲ್ಲ,
ಹಾಗೆ ಬಂದ ಒಂದು ಬೆಳಿಗ್ಗೆ
ಹನ್ನೊಂದು ದಿನದ ಮೋಡ ಸರಿದು
ಬಿಸಿಲು ನೇರ ಲೋಟಕ್ಕೆ ಬಿತ್ತು,
ಲೋಟದಿಂದ ಚಾವಣಿಗೆ ಹಾರಿತು.
ಜೋಳದ ರೊಟ್ಟಿಯಷ್ಟು ಬೆಳಕು,
ಕೆಳಗೆ ಲಾರಿ ಹೋದಾಗಲೆಲ್ಲ
ಅದರ ಅಂಚು ನಡುಗುತ್ತಿತ್ತು.
ಯಾರನ್ನಾದರೂ ಕೂಗಿ ಕರೆಯಬೇಕೆನಿಸಿತು.
ಕೋಣೆಯಲ್ಲಿ ಇದ್ದದ್ದು ನಾನು, ಮತ್ತು ಬ್ರಶ್ಶು.
ಫೋನು ಎತ್ತಿದೆ, ಒತ್ತಿದೆ.
ಗಡಿಬಿಡಿಯಲ್ಲಿ ಚಾವಣಿ ಬಿಟ್ಟು
ಲೋಟವನ್ನು ಹಿಡಿದಿದ್ದೆ.
ಮತ್ತೆ ಎತ್ತುವಷ್ಟರಲ್ಲಿ ಮೋಡ.

ಅಂದರೆ, ನಾನು ತಂದದ್ದರಲ್ಲಿ
ತೋರಿಸಬೇಕಾದದ್ದೇ ಇಲ್ಲ.

ಈ ಸಲ ಫೋಟೋ ಸುತ್ತು ಹೊಡೆಯಲಿಲ್ಲ.
ಕೀತ್ ಮೊದಲು, ಆಮೇಲೆ ದಾನುತಾ,
ಕೊನೆಗೆ ಕತ್ತುನೋವಿನ ಮ್ಯೂರಿಯಲ್ಲೂ
ತಲೆಯೆತ್ತಿ ಗ್ರಂಥಾಲಯದ ಚಾವಣಿ ನೋಡಿದರು.
ಅಲ್ಲಿ ಹಳೆಯ ತೇವದ ಕಲೆ, ಗುಂಯ್‌ಗುಡುವ ಟ್ಯೂಬ್‌ಲೈಟು.
"ಎಷ್ಟು ದೊಡ್ಡದಿತ್ತು ಅಂದೆ?" ಕೇಳಿದ ಕೀತ್.

ರೊಟ್ಟಿ ಅಂದರೆ ಅವರಿಗೆ ತಿಳಿಯದು.
ಎರಡೂ ಕೈ ಅಗಲಿಸಿ ತೋರಿಸಿದೆ.